ವಿದೇಶಕ್ಕೆ ಕಳುಹಿಸುವ ಅಂಚೆ ಪೊಟ್ಟಣಗಳ ಸೀಮಾಸುಂಕ ನಿಯಮಗಳು (ಭಾರತ)

ವಿದೇಶಕ್ಕೆ ಕಳುಹಿಸುವ ಅಂಚೆ ಪೊಟ್ಟಣಗಳ ಸೀಮಾಸುಂಕ ನಿಯಮಗಳು ಎಂದರೆ, ಭಾರತದಲ್ಲಿರುವ ವ್ಯಕ್ತಿಯೊಬ್ಬರು ಅಂಚೆ ಅಥವಾ ಕೊರಿಯರ್ ಮೂಲಕ ಹೊರದೇಶಕ್ಕೆ ವಸ್ತುಗಳನ್ನು ರವಾನಿಸುವಾಗ ಪಾಲಿಸಬೇಕಾದ ಕಾನೂನು ಮತ್ತು ಕ್ರಮಗಳ ಸಮೂಹ. ಇಂತಹ ಪ್ರತಿಯೊಂದು ಪೊಟ್ಟಣಕ್ಕೂ ಏಕಕಾಲದಲ್ಲಿ ಎರಡು ದೇಶಗಳ ಕಾನೂನು ಅನ್ವಯಿಸುತ್ತದೆ: ಹೊರಡುವ ದೇಶದ ರಫ್ತು ಕಾನೂನು ಮತ್ತು ತಲುಪುವ ದೇಶದ ಆಮದು ಕಾನೂನು. ಒಂದು ದೇಶ ಅನುಮತಿಸಿದ ವಸ್ತುವನ್ನು ಇನ್ನೊಂದು ದೇಶ ನಿಷೇಧಿಸಿರಬಹುದು. ಎರಡೂ ಕಡೆಯ ಅಧಿಕಾರಿಗಳು ಪೊಟ್ಟಣದ ಬಗ್ಗೆ ಮೊದಲು ನೋಡುವುದು ಕಳುಹಿಸುವವರು ಸಹಿ ಮಾಡಿದ ಘೋಷಣಾಪತ್ರವನ್ನು. ಆದ್ದರಿಂದ ಆ ಪತ್ರದ ನಿಖರತೆಯೇ ಈ ಇಡೀ ವ್ಯವಸ್ಥೆಯ ಆಧಾರವಾಗಿದೆ.

ಹಿನ್ನೆಲೆ

ದೇಶದೇಶಗಳ ನಡುವಿನ ಅಂಚೆಯನ್ನು ಒಂದೇ ನಿಯಮದಡಿ ತರುವ ಒಪ್ಪಂದಕ್ಕೆ ೧೮೭೪ರ ಅಕ್ಟೋಬರ್ ೯ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಸಹಿ ಹಾಕಲಾಯಿತು. ಇದರಿಂದ ಹುಟ್ಟಿದ ಸಂಸ್ಥೆಯೇ ಇಂದಿನ ವಿಶ್ವ ಅಂಚೆ ಒಕ್ಕೂಟ. ಭಾರತವು ೧೮೭೬ರಲ್ಲಿ ಇದರ ಸದಸ್ಯತ್ವ ಪಡೆಯಿತು. ಪೊಟ್ಟಣಗಳ ಮೇಲೆ ಅಂಟಿಸುವ ಘೋಷಣಾಪತ್ರಗಳ ನಮೂನೆ, ಪತ್ತೆಸಂಖ್ಯೆಯ ರೂಪ, ನಿಷೇಧಿತ ವಸ್ತುಗಳ ಸಾಮಾನ್ಯ ಪಟ್ಟಿ ಮೊದಲಾದವನ್ನು ಈ ಒಕ್ಕೂಟವೇ ನಿರ್ಧರಿಸುತ್ತದೆ.

ಭಾರತದಲ್ಲಿ ಆಮದು ಮತ್ತು ರಫ್ತಿನ ಮೇಲಿನ ನಿಯಂತ್ರಣವು ಬ್ರಿಟಿಷರ ಕಾಲದ ೧೮೭೮ರ ಸಮುದ್ರ ಸುಂಕ ಕಾಯಿದೆಯ ಅಡಿಯಲ್ಲಿತ್ತು. ಅದರ ಸ್ಥಾನದಲ್ಲಿ ಬಂದ ೧೯೬೨ರ ಸೀಮಾಸುಂಕ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಅಂಚೆ ಮತ್ತು ಕೊರಿಯರ್ ಮೂಲಕ ಸಾಗುವ ಸರಕಿಗೆ ಪ್ರತ್ಯೇಕ ನಿಬಂಧನೆಗಳನ್ನು ರೂಪಿಸುವ ಅಧಿಕಾರವನ್ನು ಈ ಕಾಯಿದೆಯ ೮೪ನೆಯ ಕಲಂ ನೀಡುತ್ತದೆ. ೧೮೯೮ರ ಅಂಚೆ ಕಚೇರಿ ಕಾಯಿದೆಯ ಬದಲಿಗೆ ೨೦೨೩ರ ಅಂಚೆ ಕಚೇರಿ ಕಾಯಿದೆಯು ೨೦೨೪ರ ಜೂನ್ ೧೮ರಿಂದ ಜಾರಿಗೆ ಬಂದಿದೆ.

ಪೊಟ್ಟಣದ ಪಯಣ

ವಿದೇಶಕ್ಕೆ ಹೋಗುವ ಪೊಟ್ಟಣವು ಸಾಮಾನ್ಯವಾಗಿ ಈ ಹಂತಗಳನ್ನು ದಾಟುತ್ತದೆ.

೧. ನೋಂದಣಿ: ಕಳುಹಿಸುವವರು ಗುರುತಿನ ದಾಖಲೆಯೊಂದಿಗೆ ಅಂಚೆ ಕಚೇರಿಯಲ್ಲಿ ಪೊಟ್ಟಣವನ್ನು ನೀಡಿ, ಘೋಷಣಾಪತ್ರ ತುಂಬಿ ಸಹಿ ಮಾಡುತ್ತಾರೆ.

೨. ರಫ್ತು ತಪಾಸಣೆ: ಪೊಟ್ಟಣವು ವಿದೇಶಿ ಅಂಚೆ ಕಚೇರಿಗೆ ತಲುಪುತ್ತದೆ. ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈ, ಬೆಂಗಳೂರು ಮೊದಲಾದ ನಗರಗಳಲ್ಲಿ ಇಂತಹ ಕಚೇರಿಗಳಿವೆ. ಅಲ್ಲಿ ಸುಂಕ ಅಧಿಕಾರಿಗಳು ಕ್ಷ-ಕಿರಣ ಯಂತ್ರದ ಮೂಲಕವೂ, ಅಗತ್ಯವೆನಿಸಿದಾಗ ಪೊಟ್ಟಣವನ್ನು ತೆರೆದೂ ಪರೀಕ್ಷಿಸಬಹುದು.

೩. ಆಮದು ತಪಾಸಣೆ: ತಲುಪಿದ ದೇಶದ ಸುಂಕ ಇಲಾಖೆ ಹಾಗೂ ಕೃಷಿ, ಆಹಾರ ಮತ್ತು ಔಷಧ ಇಲಾಖೆಗಳು ಪೊಟ್ಟಣವನ್ನು ಪರಿಶೀಲಿಸುತ್ತವೆ.

೪. ಬಟವಾಡೆ: ಸುಂಕ ಅಥವಾ ತೆರಿಗೆ ಬಾಕಿ ಇದ್ದಲ್ಲಿ ಅದನ್ನು ಸಾಮಾನ್ಯವಾಗಿ ವಿಳಾಸದಾರರಿಂದಲೇ ವಸೂಲು ಮಾಡಲಾಗುತ್ತದೆ. ಇದರೊಡನೆ ಅಲ್ಲಿನ ಅಂಚೆ ಸಂಸ್ಥೆಯ ನಿರ್ವಹಣಾ ಶುಲ್ಕವೂ ಸೇರಬಹುದು.

ಪೊಟ್ಟಣದ ಮೇಲಿನ ಪತ್ತೆಸಂಖ್ಯೆಯಲ್ಲಿ ೧೩ ಅಕ್ಷರ ಹಾಗೂ ಅಂಕಿಗಳಿರುತ್ತವೆ: ಮೊದಲಿಗೆ ಸೇವೆಯನ್ನು ಸೂಚಿಸುವ ಎರಡು ರೋಮನ್ ಅಕ್ಷರ, ನಡುವೆ ೯ ಅಂಕಿ, ಕೊನೆಯಲ್ಲಿ ದೇಶವನ್ನು ಸೂಚಿಸುವ ಎರಡು ಅಕ್ಷರ. ಭಾರತದ ಸಂಕೇತ 'ಐಎನ್'. ಈ ಸಂಖ್ಯೆ ಒಕ್ಕೂಟದ ಎಲ್ಲ ದೇಶಗಳಿಗೂ ಸಾಮಾನ್ಯವಾದ್ದರಿಂದ ವಿಳಾಸದಾರರೂ ತಮ್ಮ ದೇಶದ ಅಂಚೆ ಸಂಸ್ಥೆಯಲ್ಲಿ ಇದನ್ನು ಬಳಸಿ ವಿಚಾರಿಸಬಹುದು.

ಘೋಷಣಾಪತ್ರ

ಘೋಷಣಾಪತ್ರದಲ್ಲಿ ಎರಡು ಮುಖ್ಯ ನಮೂನೆಗಳಿವೆ. ಪತ್ರಾಂಚೆಯ ವರ್ಗಕ್ಕೆ ಸೇರಿದ, ೨ ಕಿಲೋಗ್ರಾಂ ವರೆಗಿನ ಚಿಕ್ಕ ಪೊಟ್ಟಣಗಳಲ್ಲಿ ಮೌಲ್ಯವು ೩೦೦ ಎಸ್‌ಡಿಆರ್ ಮೀರದಿದ್ದರೆ 'ಸಿಎನ್ ೨೨' ಎಂಬ ಚಿಕ್ಕ ಪತ್ರ ಸಾಕು. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಹೆಚ್ಚಿನ ಮೌಲ್ಯದ ವಸ್ತುಗಳಿಗೆ ಮತ್ತು ಪಾರ್ಸೆಲ್‌ಗಳಿಗೆ 'ಸಿಎನ್ ೨೩' ಎಂಬ ವಿವರವಾದ ಪತ್ರ ಬೇಕು. ಇವುಗಳಲ್ಲಿ ಪ್ರತಿ ವಸ್ತುವಿನ ವಿವರಣೆ, ಸಂಖ್ಯೆ, ತೂಕ, ಮೌಲ್ಯ ಮತ್ತು ಕಳುಹಿಸುವ ಉದ್ದೇಶವನ್ನು ಬರೆಯಬೇಕು.

ವಿವರಣೆಯು ವಸ್ತುವನ್ನು ಕಾಣದವರಿಗೂ ಅದು ಏನೆಂದು ತಿಳಿಯುವಂತಿರಬೇಕು. 'ಬಟ್ಟೆ' ಎಂಬುದಕ್ಕಿಂತ 'ಹತ್ತಿ ಸೀರೆ, ೨' ಎಂಬುದು, 'ತಿಂಡಿ' ಎಂಬುದಕ್ಕಿಂತ 'ಅಕ್ಕಿಹಿಟ್ಟಿನ ಚಕ್ಕುಲಿ, ೫೦೦ ಗ್ರಾಂ' ಎಂಬುದು, 'ಆಟಿಕೆ' ಎಂಬುದಕ್ಕಿಂತ 'ಬಣ್ಣದ ಮರದ ಬೊಂಬೆ, ೩' ಎಂಬುದು ಸರಿಯಾದ ವಿವರಣೆ. 'ಮನೆಯ ಸಾಮಾನು', 'ಉಡುಗೊರೆ', 'ಇತರೆ' ಎಂಬ ಪದಗಳು ವಸ್ತುವಿನ ವಿವರಣೆಯಾಗುವುದಿಲ್ಲ. ತಲುಪುವ ದೇಶದ ಅಧಿಕಾರಿಗಳು ಓದಬಲ್ಲ ಭಾಷೆಯಲ್ಲಿ, ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಇದನ್ನು ತುಂಬಬೇಕು. ಚಕ್ಕುಲಿ, ಸಂಡಿಗೆ, ಹಪ್ಪಳ ಮೊದಲಾದ ಹೆಸರುಗಳು ಹೊರದೇಶದ ಅಧಿಕಾರಿಗೆ ಅರ್ಥವಾಗದ ಕಾರಣ, ಅವು ಯಾವ ಧಾನ್ಯದಿಂದ ಹೇಗೆ ತಯಾರಾದವು ಎಂಬುದನ್ನು ಬರೆಯುವುದು ಉಪಯುಕ್ತ.

ಮೌಲ್ಯದ ಅಂಕಣದಲ್ಲಿ ವಸ್ತುವಿನ ನಿಜವಾದ ಬೆಲೆಯನ್ನು ಕಾಣಿಸಬೇಕು. ಉಡುಗೊರೆ ಎಂಬ ಕಾರಣಕ್ಕೆ ಬೆಲೆ ಸೊನ್ನೆಯಾಗುವುದಿಲ್ಲ. ಬಳಸಿದ ವಸ್ತುವಿಗೂ ಅದರ ಪ್ರಸ್ತುತ ಸ್ಥಿತಿಗೆ ತಕ್ಕ ಮೌಲ್ಯವಿರುತ್ತದೆ. ಬಟವಾಡೆ ಸಾಧ್ಯವಾಗದಿದ್ದಲ್ಲಿ ಪಾರ್ಸೆಲನ್ನು ಹಿಂದಿರುಗಿಸಬೇಕೇ ಅಥವಾ ತ್ಯಜಿಸಿದ್ದೆಂದು ಪರಿಗಣಿಸಬೇಕೇ ಎಂಬ ಸೂಚನೆಯನ್ನೂ ಕಳುಹಿಸುವವರೇ ನೀಡುತ್ತಾರೆ. ಹಿಂದಿರುಗುವ ಪಾರ್ಸೆಲಿಗೆ ಮರುಸಾಗಣೆಯ ವೆಚ್ಚ ತಗಲಬಹುದು.

೨೦೨೧ರಿಂದ ಕಾಗದದ ಪತ್ರದ ಜೊತೆಗೆ ಇದೇ ವಿವರಗಳನ್ನು ವಿದ್ಯುನ್ಮಾನ ರೂಪದಲ್ಲಿ ಮುಂಚಿತವಾಗಿ ಕಳುಹಿಸುವ ಕ್ರಮವೂ ಬಂದಿದೆ. ಅಮೆರಿಕ ಸಂಯುಕ್ತ ಸಂಸ್ಥಾನ ಹಾಗೂ ಯುರೋಪಿಯನ್ ಒಕ್ಕೂಟಗಳು ಇದನ್ನು ಕಡ್ಡಾಯಗೊಳಿಸಿವೆ. ಇದರಿಂದ ಪೊಟ್ಟಣಕ್ಕಿಂತ ಮೊದಲೇ ಅದರ ವಿವರಣೆಯು ಗಡಿಯನ್ನು ತಲುಪುತ್ತದೆ.

ಭಾರತದಿಂದ ರಫ್ತು ಮಾಡಬಾರದ ವಸ್ತುಗಳು

ಮನೆಯಲ್ಲಿ ಸಹಜವಾಗಿ ಕಾಣುವ ಕೆಲವು ವಸ್ತುಗಳನ್ನೂ ದೇಶದ ಹೊರಗೆ ಕಳುಹಿಸುವಂತಿಲ್ಲ.

• ಪ್ರಾಚೀನ ವಸ್ತುಗಳು: ೧೯೭೨ರ ಪ್ರಾಚೀನ ವಸ್ತು ಹಾಗೂ ಕಲಾನಿಧಿ ಕಾಯಿದೆಯ ಪ್ರಕಾರ, ೧೦೦ ವರ್ಷಕ್ಕೆ ಕಡಿಮೆಯಿಲ್ಲದ ವಿಗ್ರಹ, ಶಿಲ್ಪ, ನಾಣ್ಯ ಮೊದಲಾದವು ಪ್ರಾಚೀನ ವಸ್ತುಗಳು. ವೈಜ್ಞಾನಿಕ, ಐತಿಹಾಸಿಕ, ಸಾಹಿತ್ಯಿಕ ಅಥವಾ ಸೌಂದರ್ಯದ ಮೌಲ್ಯವುಳ್ಳ ಹಸ್ತಪ್ರತಿಗಳಿಗೆ ಈ ಮಿತಿ ೭೫ ವರ್ಷ. ಮನೆತನದಲ್ಲಿ ಉಳಿದುಬಂದ ತಾಳೆಗರಿಯ ಕಟ್ಟು ಅಥವಾ ಹಳೆಯ ಕಂಚಿನ ವಿಗ್ರಹ ಸ್ವಂತದ್ದೇ ಆದರೂ ಖಾಸಗಿ ವ್ಯಕ್ತಿಗಳು ಅದನ್ನು ರಫ್ತು ಮಾಡುವಂತಿಲ್ಲ. ಹಳೆಯದರಂತೆ ಕಾಣುವ ಹೊಸ ವಿಗ್ರಹಕ್ಕೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ 'ಪ್ರಾಚೀನ ವಸ್ತುವಲ್ಲ' ಎಂಬ ಪ್ರಮಾಣಪತ್ರ ಪಡೆಯಬಹುದು.

• ಗಂಧದ ಮರ ಮತ್ತು ರಕ್ತಚಂದನ: ಗಂಧದ ಕೊರಡು ಹಾಗೂ ಚಕ್ಕೆಗಳ ರಫ್ತಿಗೆ ನಿರ್ಬಂಧವಿದೆ. ಆದರೆ ಪೂರ್ಣಗೊಂಡ ಕರಕುಶಲ ವಸ್ತುಗಳಿಗೆ ಇದರಿಂದ ವಿನಾಯಿತಿ ಇದೆ. ಸಾಗರ, ಸೊರಬ ಪ್ರದೇಶದ ಗುಡಿಗಾರರು ಕೆತ್ತಿದ ಗಂಧದ ವಿಗ್ರಹವನ್ನೂ ಕೆತ್ತದ ಗಂಧದ ತುಂಡನ್ನೂ ಕಾನೂನು ಒಂದೇ ರೀತಿ ನೋಡುವುದಿಲ್ಲ. ಖರೀದಿಯ ರಸೀದಿಯನ್ನು ಜೊತೆಗಿಡುವುದು ಒಳ್ಳೆಯದು.

• ವನ್ಯಜೀವಿ ಉತ್ಪನ್ನಗಳು: ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ದಂತ, ಚರ್ಮ, ಕೊಂಬು ಮೊದಲಾದವುಗಳ ರಫ್ತು ಅಪರಾಧ. ನವಿಲುಗರಿ ಹಾಗೂ ಅದರಿಂದ ಮಾಡಿದ ಕರಕುಶಲ ವಸ್ತುಗಳ ರಫ್ತೂ ನಿಷಿದ್ಧ.

• ಹಣ ಮತ್ತು ಆಭರಣ: ವಿಮೆ ಮಾಡದ ಪೊಟ್ಟಣದಲ್ಲಿ ನಾಣ್ಯ, ನೋಟು, ಚಿನ್ನ, ಬೆಳ್ಳಿ ಹಾಗೂ ಬೆಲೆಬಾಳುವ ಆಭರಣಗಳನ್ನು ಇರಿಸುವಂತಿಲ್ಲ.

• ಅಪಾಯಕಾರಿ ವಸ್ತುಗಳು: ಪಟಾಕಿ, ಬೆಂಕಿಕಡ್ಡಿ, ಮದ್ಯಸಾರವುಳ್ಳ ಸುಗಂಧದ್ರವ್ಯ, ಒತ್ತಡದ ಸಿಂಪಡಣೆ ಡಬ್ಬಿ, ಬಿಡಿ ಲಿಥಿಯಂ ಬ್ಯಾಟರಿ ಮೊದಲಾದವು ವಿಮಾನದ ಸುರಕ್ಷತೆಯ ಕಾರಣದಿಂದ ಅಂಚೆಯಲ್ಲಿ ಸ್ವೀಕಾರಾರ್ಹವಲ್ಲ.

ತಲುಪುವ ದೇಶಗಳ ನಿರ್ಬಂಧಗಳು

ಕನ್ನಡಿಗರ ಮನೆಗಳಿಂದ ಹೊರದೇಶದ ಮಕ್ಕಳಿಗೆ ಹೋಗುವ ಪೊಟ್ಟಣಗಳಲ್ಲಿ ಆಹಾರ ಪದಾರ್ಥಗಳಿಗೆ ಪ್ರಮುಖ ಸ್ಥಾನವಿದೆ. ಅತಿ ಹೆಚ್ಚು ನಿರ್ಬಂಧಗಳಿರುವುದೂ ಅವುಗಳ ಮೇಲೆಯೇ.

ಆಸ್ಟ್ರೇಲಿಯ: ಸಂಗ್ರಹಿತ ಧಾನ್ಯಗಳನ್ನು ನಾಶಮಾಡುವ ಖಪ್ರಾ ಜೀರುಂಡೆಯ ಭಯದಿಂದ, ೨೦೨೦ರಿಂದ ಈಚೆಗೆ ಅಕ್ಕಿ, ಕಡಲೆ, ಹೆಸರುಕಾಳು, ತೊಗರಿ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಮೊದಲಾದವನ್ನು ಅಂಚೆಯಲ್ಲಾಗಲಿ ಪ್ರಯಾಣಿಕರ ಸಾಮಾನಿನಲ್ಲಾಗಲಿ ತರುವುದನ್ನು ನಿಲ್ಲಿಸಲಾಗಿದೆ. ಮರದ ವಸ್ತುಗಳಲ್ಲಿ ತೊಗಟೆ ಅಥವಾ ಹುಳುವಿನ ಗುರುತುಗಳಿವೆಯೇ ಎಂದೂ ಪರೀಕ್ಷಿಸಲಾಗುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನ: ಇದೇ ಜೀರುಂಡೆಯ ಕಾರಣದಿಂದ ಭಾರತದ ಅಕ್ಕಿಯನ್ನು ಖಾಸಗಿಯಾಗಿ ಅಂಚೆಯಲ್ಲಿ ಕಳುಹಿಸುವಂತಿಲ್ಲ. ಆಹಾರ ಪದಾರ್ಥಗಳ ಆಗಮನವನ್ನು ಅಲ್ಲಿನ ಆಹಾರ ಮತ್ತು ಔಷಧ ಆಡಳಿತಕ್ಕೆ ಮುಂಚಿತವಾಗಿ ತಿಳಿಸಬೇಕೆಂಬ ನಿಯಮವಿದೆ. ವ್ಯಕ್ತಿಯೊಬ್ಬರು ತಮ್ಮ ಮನೆಯಲ್ಲಿ ತಯಾರಿಸಿ ವೈಯಕ್ತಿಕ ಉಡುಗೊರೆಯಾಗಿ ಕಳುಹಿಸುವ ಆಹಾರಕ್ಕೆ ಈ ಪೂರ್ವಸೂಚನೆಯಿಂದ ವಿನಾಯಿತಿ ಇದೆ.

ಯುರೋಪಿಯನ್ ಒಕ್ಕೂಟ: ಮಾಂಸ ಹಾಗೂ ಹಾಲಿನ ಉತ್ಪನ್ನಗಳನ್ನು ಖಾಸಗಿ ಪೊಟ್ಟಣಗಳಲ್ಲಿ ತರುವುದಕ್ಕೆ ನಿಷೇಧವಿದೆ. ತುಪ್ಪದ ಡಬ್ಬಿಯೂ ಈ ವರ್ಗಕ್ಕೆ ಸೇರುತ್ತದೆ.

ಸಂಯುಕ್ತ ಅರಬ್ ಸಂಸ್ಥಾನ ಮತ್ತು ಸಿಂಗಪುರ: ಪಾಯಸಕ್ಕೆ ಬಳಸುವ ಗಸಗಸೆಯು ಅಫೀಮಿನ ಗಿಡದ ಬೀಜವಾದ್ದರಿಂದ ಈ ದೇಶಗಳಲ್ಲಿ ನಿಷಿದ್ಧ. ಇಲ್ಲಿ ಪ್ರಶ್ನೆ ಸುಂಕದ್ದಲ್ಲ, ಮಾದಕವಸ್ತು ಕಾನೂನಿನದು. ಇದರ ಪರಿಣಾಮವನ್ನು ಎದುರಿಸಬೇಕಾದವರು ಪೊಟ್ಟಣ ಪಡೆಯುವವರು.

ಔಷಧಗಳಿಗೂ ಇದೇ ಎಚ್ಚರಿಕೆ ಅಗತ್ಯ. ಉದಾಹರಣೆಗೆ, ಭಾರತದಲ್ಲಿ ಶೀತಕ್ಕೆ ಬಳಕೆಯಾಗುವ ಸೂಡೊಎಫೆಡ್ರಿನ್ ಎಂಬ ರಾಸಾಯನಿಕವು ಶೇಕಡಾ ೧೦ಕ್ಕಿಂತ ಹೆಚ್ಚಿರುವ ಔಷಧಗಳನ್ನು ಜಪಾನಿಗೆ ಒಯ್ಯುವಂತಿಲ್ಲ. ಔಷಧ ಕಳುಹಿಸುವ ಮೊದಲು ತಲುಪುವ ದೇಶದ ಅನುಮತಿಯ ನಿಯಮವನ್ನು ತಿಳಿದು, ವೈದ್ಯರ ಚೀಟಿ ಹಾಗೂ ಖರೀದಿ ರಸೀದಿಯನ್ನು ಸಿದ್ಧವಾಗಿರಿಸಿಕೊಳ್ಳಬೇಕು.

ಉಡುಗೊರೆಯ ಮಿತಿಗಳು

ಉಡುಗೊರೆಗಳ ರಫ್ತಿಗೆ ೨೦೧೫–೨೦ರ ಭಾರತದ ವಿದೇಶ ವ್ಯಾಪಾರ ನೀತಿಯು ವರ್ಷಕ್ಕೆ ೫ ಲಕ್ಷ ರೂಪಾಯಿಗಳ ಮಿತಿಯನ್ನು ವಿಧಿಸಿತ್ತು. ತಲುಪುವ ದೇಶಗಳ ಸುಂಕ ವಿನಾಯಿತಿಯ ಮಿತಿಗಳು ಇದಕ್ಕಿಂತ ಬಹಳ ಕಡಿಮೆ. ೨೦೨೫ರಲ್ಲಿದ್ದಂತೆ ಕೆಲವು ದೇಶಗಳ ಮಿತಿಗಳು ಹೀಗಿವೆ:

• ಅಮೆರಿಕ ಸಂಯುಕ್ತ ಸಂಸ್ಥಾನ: ಒಬ್ಬ ವ್ಯಕ್ತಿಗೆ ಒಂದು ದಿನಕ್ಕೆ ೧೦೦ ಡಾಲರ್
• ಬ್ರಿಟನ್: ೩೯ ಪೌಂಡ್
• ಯುರೋಪಿಯನ್ ಒಕ್ಕೂಟ: ೪೫ ಯೂರೋ
• ಕೆನಡ: ೬೦ ಕೆನಡಿಯನ್ ಡಾಲರ್

ಮದ್ಯ, ತಂಬಾಕು ಮೊದಲಾದವುಗಳಿಗೆ ಬೇರೆ ನಿಯಮಗಳಿವೆ. ಈ ವಿನಾಯಿತಿ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಕಳುಹಿಸುವ ನಿಜವಾದ ಉಡುಗೊರೆಗೆ ಮಾತ್ರ ಸಲ್ಲುತ್ತದೆ. ಹಣ ಕೊಟ್ಟು ತರಿಸಿಕೊಂಡ ವಸ್ತುವಿಗೆ ಸಲ್ಲುವುದಿಲ್ಲ. ಅಮೆರಿಕದಲ್ಲಿ ಉಡುಗೊರೆಯ ಮೌಲ್ಯವು ಮಿತಿಯನ್ನು ಮೀರಿದರೆ, ಹೆಚ್ಚುವರಿ ಭಾಗಕ್ಕಷ್ಟೇ ಅಲ್ಲ, ಪೂರ್ಣ ಮೌಲ್ಯಕ್ಕೆ ಸುಂಕ ಅನ್ವಯಿಸುತ್ತದೆ. ಒಂದೇ ಪೊಟ್ಟಣದಲ್ಲಿ ಒಂದು ಮನೆಯ ಹಲವರಿಗೆ ಉಡುಗೊರೆಗಳಿದ್ದರೆ, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಸುತ್ತಿ, ಹೆಸರು ಬರೆದು, ಘೋಷಣಾಪತ್ರದಲ್ಲಿಯೂ ಪ್ರತ್ಯೇಕವಾಗಿ ನಮೂದಿಸಿದಾಗ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ತಲಾ ಒಬ್ಬರಿಗೆ ವಿನಾಯಿತಿ ದೊರೆಯುತ್ತದೆ.

ಈ ಮಿತಿಗಳು ಸ್ಥಿರವಲ್ಲ. ೮೦೦ ಡಾಲರ್ ವರೆಗಿನ ಸರಕಿಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕವು ೨೦೨೫ರ ಆಗಸ್ಟ್ ೨೯ರಿಂದ ಎಲ್ಲ ದೇಶಗಳಿಗೂ ಅಮಾನತಿನಲ್ಲಿರಿಸಿತು. ಇದರ ಪರಿಣಾಮವಾಗಿ ಭಾರತೀಯ ಅಂಚೆ ಇಲಾಖೆಯು ಆ ದೇಶದ ಪೊಟ್ಟಣ ಸೇವೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು.

ವಾಸಸ್ಥಳ ಬದಲಾವಣೆ ಮತ್ತು ವ್ಯಾಪಾರಿ ಸರಕು

ವಿದೇಶದಲ್ಲಿ ನೆಲೆಸಲು ಹೋಗುವವರ ಬಳಸಿದ ಗೃಹೋಪಯೋಗಿ ವಸ್ತುಗಳಿಗೆ ಹಲವು ದೇಶಗಳು ಪ್ರತ್ಯೇಕ ವಿನಾಯಿತಿ ನೀಡುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ ಇದನ್ನು ಪಡೆಯಲು ವ್ಯಕ್ತಿಯು ಕನಿಷ್ಠ ೧೨ ತಿಂಗಳು ಒಕ್ಕೂಟದ ಹೊರಗೆ ವಾಸವಾಗಿದ್ದು, ವಸ್ತುಗಳನ್ನು ಕನಿಷ್ಠ ೬ ತಿಂಗಳು ಬಳಸಿರಬೇಕು. ಅಮೆರಿಕದಲ್ಲಿ ಗೃಹೋಪಯೋಗಿ ವಸ್ತುಗಳನ್ನು ಒಂದು ವರ್ಷವಾದರೂ ಬಳಸಿರಬೇಕೆಂಬ ಷರತ್ತಿದೆ. ಇಂತಹ ಸಾಮಾನಿನ ಪೂರ್ಣ ಪಟ್ಟಿಯನ್ನು ಹೊರಡುವ ಮೊದಲೇ ಸಿದ್ಧಪಡಿಸಬೇಕು.

ಮಾರಾಟಕ್ಕಾಗಿ ಕಳುಹಿಸುವ ಸರಕನ್ನು ಉಡುಗೊರೆ ಎಂದು ತೋರಿಸುವಂತಿಲ್ಲ. ಅದಕ್ಕೆ ಆಮದು-ರಫ್ತು ಸಂಕೇತಸಂಖ್ಯೆ ಹಾಗೂ ಅಂಚೆ ರಫ್ತು ಪತ್ರ ಬೇಕು. ೨೦೨೨ರ ನಿಬಂಧನೆಗಳು ಈ ಪತ್ರವನ್ನು ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸಲು ಅವಕಾಶ ಕಲ್ಪಿಸಿವೆ. ಚಿಕ್ಕ ಉತ್ಪಾದಕರ ನೆರವಿಗಾಗಿ ಅಂಚೆ ಇಲಾಖೆಯು 'ಡಾಕ್ ಘರ್ ನಿರ್ಯಾತ್ ಕೇಂದ್ರ'ಗಳನ್ನು ತೆರೆದಿದೆ.

ಹೊಣೆಗಾರಿಕೆ

ವಿಶ್ವ ಅಂಚೆ ಒಕ್ಕೂಟದ ಒಡಂಬಡಿಕೆಯ ಪ್ರಕಾರ, ಘೋಷಣಾಪತ್ರದಲ್ಲಿ ಬರೆದ ವಿಷಯಕ್ಕೆ ಅಂಚೆ ಸಂಸ್ಥೆಯು ಹೊಣೆಯಲ್ಲ; ಕಳುಹಿಸುವವರೇ ಹೊಣೆ. ಅಂಗಡಿಯವರಾಗಲಿ ಮಧ್ಯವರ್ತಿಯಾಗಲಿ ಪತ್ರವನ್ನು ತುಂಬಿಕೊಟ್ಟಿದ್ದರೂ ಸಹಿ ಮಾಡಿದವರ ಜವಾಬ್ದಾರಿ ಕಡಿಮೆಯಾಗುವುದಿಲ್ಲ. ನಿಷೇಧಿತ ವಸ್ತುವೆಂದು ವಶಪಡಿಸಿಕೊಂಡ ಪೊಟ್ಟಣಕ್ಕೆ ಪರಿಹಾರ ದೊರೆಯುವುದಿಲ್ಲ. ಸುಂಕ ಉಳಿಸುವ ಉದ್ದೇಶದಿಂದ ಮೌಲ್ಯವನ್ನು ಕಡಿಮೆ ತೋರಿಸಿದವರು, ಪೊಟ್ಟಣ ಕಳೆದುಹೋದಾಗ ಅದರ ನಿಜವಾದ ಬೆಲೆಯನ್ನು ಕೇಳುವ ಆಧಾರವನ್ನೂ ಕಳೆದುಕೊಳ್ಳುತ್ತಾರೆ. ಅಕ್ರಮವಾಗಿ ರಫ್ತು ಮಾಡಲು ಯತ್ನಿಸಿದ ವಸ್ತುಗಳ ಮುಟ್ಟುಗೋಲಿಗೆ ಸೀಮಾಸುಂಕ ಕಾಯಿದೆಯ ೧೧೩ನೆಯ ಕಲಂ, ದಂಡಕ್ಕೆ ೧೧೪ನೆಯ ಕಲಂ ಅವಕಾಶ ನೀಡುತ್ತವೆ.

ಪೊಟ್ಟಣ ಕಟ್ಟುವ ಮೊದಲೇ ವಸ್ತುಗಳ ಪಟ್ಟಿಯನ್ನು ವಿಳಾಸದಾರರಿಗೆ ತಿಳಿಸಿ, ಅವರು ತಮ್ಮ ದೇಶದ ಸುಂಕ ಇಲಾಖೆಯ ಅಧಿಕೃತ ಜಾಲತಾಣದಲ್ಲಿ ಪ್ರತಿಯೊಂದನ್ನೂ ಪರಿಶೀಲಿಸುವುದು ಸುರಕ್ಷಿತ ಕ್ರಮ. ಘೋಷಣಾಪತ್ರ ಹಾಗೂ ಅಂಚೆ ರಸೀದಿಯ ಪ್ರತಿಗಳನ್ನು ಪೊಟ್ಟಣವು ತಲುಪುವವರೆಗೆ ಕಾಯ್ದಿರಿಸಿಕೊಳ್ಳಬೇಕು.