ಕಾಳಯುಕ್ತಿ ಸಂವತ್ಸರ ಮತ್ತು ಒಂದು ಪೌತಿ ಖಾತೆ

ಶಾಸನದಲ್ಲಿ ಶಕವರ್ಷ ಒಂದು ಹೇಳಿದರೆ ಸಂವತ್ಸರ ಇನ್ನೊಂದು ಹೇಳೋದು ಅಪರೂಪವೇನಲ್ಲ. ಆಗ ನಾವು ಕಲ್ಲನ್ನು ತಿದ್ದೋದಿಲ್ಲ. ಇದ್ದದ್ದನ್ನು ಇದ್ದ ಹಾಗೇ ಪಾಠದಲ್ಲಿ ಕೊಟ್ಟು, ನಮ್ಮ ಊಹೆಯನ್ನು ಅಡಿಟಿಪ್ಪಣಿಯಲ್ಲಿ ಹಾಕ್ತೀವಿ. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಪರಿಷ್ಕರಿಸಿ ಪ್ರಕಟಿಸಿತು. ಅಲ್ಲೂ ಹಳೆಯ ಶಾಸನಸಂಖ್ಯೆಯ ಉಲ್ಲೇಖ ಇದೆ. ಹಾಗಾಗಿಯೇ ಎರಡೂ ಓದನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಈ ಶಿಸ್ತನ್ನು ನನ್ನ ಮನೆಯ ಚರಿತ್ರೆಗೆ ಮಾತ್ರ ನಾನು ಹಚ್ಚಲಿಲ್ಲ. ಇಂಜಿನಿಯರ್ ನೋಡಿ, ಅಂಕಿ ಕಂಡರೆ ನಂಬಿಬಿಡ್ತೀನಿ. ಇಪ್ಪತ್ತು ವರ್ಷದ ಹಿಂದೆ ವಂಶವೃಕ್ಷ ಬರೆದಾಗ ಮುತ್ತಜ್ಜ ತೀರಿಕೊಂಡದ್ದು 1926 ಎಂದು ಹಾಕಿದೆ. ಜಮೀನು ಅಜ್ಜನ ಹೆಸರಿಗೆ ಪೌತಿ ಖಾತೆಯಾದ ದಾಖಲೆಯಲ್ಲಿ ಮರಣದ ವರ್ಷ ಎಂದು ಹಾಗೇ ಇತ್ತು. ಎಲ್ಲಿಂದ ತೆಗೆದುಕೊಂಡೆ ಅಂತ ಬರೆದಿಡಲೂ ಇಲ್ಲ.

ಸೋದರತ್ತೆ ಒಪ್ಪಲಿಲ್ಲ. "ಅಲ್ಲ ಕಣೋ, ಕಾಳಯುಕ್ತಿ ಸಂವತ್ಸರ, ಆಶ್ವಯುಜ ಬಹುಳ ಪಂಚಮಿ. ವರ್ಷವರ್ಷ ಶ್ರಾದ್ಧ ಮಾಡ್ತಿಲ್ವ?" ಅಂದರು. "ಸರ್ಕಾರಿ ದಾಖಲೆ ಇದೆ ಅತ್ತೆ" ಅಂದೆ. ಅವರು ಸುಮ್ಮನಾದರು. ನನ್ನ 1926 ನೆಂಟರ ಮನೆಯ ಗೃಹಪ್ರವೇಶದ ಪುಸ್ತಿಕೆಯಲ್ಲಿ ಅಚ್ಚಾಯಿತು. ಈಗ ಎಲ್ಲರಿಗೂ ಅದೇ ಪ್ರಮಾಣ.

ಕಳೆದ ವರ್ಷ ಶಕವರ್ಷವಿಲ್ಲದೆ ಬರೀ ಸಂವತ್ಸರ, ತಿಥಿ ಇದ್ದ ಒಂದು ವೀರಗಲ್ಲು ಓದ್ತಾ ಕೂತಿದ್ದಾಗ ಅತ್ತೆಯ ಮಾತು ನೆನಪಾಯಿತು. ಸಂವತ್ಸರ ಚಕ್ರ 60 ವರ್ಷದ್ದು. ಕಾಳಯುಕ್ತಿ ಬರೋದು 1858, 1918, 1978ರಲ್ಲಿ. ಮುತ್ತಜ್ಜನಿಗೆ ಹೊಂದೋದು 1918 ಒಂದೇ, ಶಕ 1840. ಆ ವರ್ಷ ಆಶ್ವಯುಜ ಬಹುಳ ಪಂಚಮಿ ಬಿದ್ದದ್ದು ಅಕ್ಟೋಬರ್ ಕೊನೆಯ ಭಾಗದಲ್ಲಿ, ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನವನ್ನು ಹಿಂಡುತ್ತಿದ್ದ ಕಾಲ. ಆ ಜ್ವರದಲ್ಲೇ ಹೋದರು ಅನ್ನೋಕೆ ನನ್ನ ಹತ್ತಿರ ಆಧಾರ ಇಲ್ಲ, ಆದ್ದರಿಂದ ಅದನ್ನು ಬರೆದುಕೊಂಡಿಲ್ಲ.

ಹಾಗಾದರೆ 1926 ಏನು? ಅಜ್ಜ ಹುಟ್ಟಿದ್ದು 1908. ಹದಿನೆಂಟು ತುಂಬಿದ ಮೇಲೆ ಖಾತೆ ಮಾಡಿಸಿದ್ದಾರೆ. ಅರ್ಜಿ ಕೊಟ್ಟ ವರ್ಷವೇ ಮರಣದ ವರ್ಷವಾಗಿ ದಾಖಲೆಗೆ ಹೋಗಿದೆ. ಹಳೇ ಪೆಟ್ಟಿಗೆ ತೆಗೆಸಿ ನೋಡಿದೆ. 1919ರಿಂದ ಕಂದಾಯದ ರಸೀದಿಗಳೆಲ್ಲ ಮುತ್ತಜ್ಜನ ಹೆಸರಲ್ಲೇ ಇವೆ, ಆದರೆ ಕೆಳಗೆ "ಹಸ್ತೆ ಹೆಂಡತಿ" ಎಂದಿದೆ. ಎಂಟು ವರ್ಷ ಜಮೀನು, ಸಾಲ, ಹತ್ತು ವರ್ಷದ ಮಗ, ಎಲ್ಲವನ್ನೂ ಮುತ್ತಜ್ಜಿ ಒಬ್ಬಳೇ ನಡೆಸಿದ್ದಳು. ನಾನು ಬರೆದ ಒಂದು ಅಂಕಿ ಆ ಎಂಟು ವರ್ಷಗಳನ್ನು ಅಳಿಸಿಹಾಕಿತ್ತು.

ವಂಶವೃಕ್ಷವನ್ನು ಈಗ ತಿದ್ದಿದ್ದೇನೆ. 1926ನ್ನು ಹೊಡೆದುಹಾಕಿಲ್ಲ. ಅದು ಯಾವ ದಾಖಲೆಯದು, ಯಾವಾಗ ನೋಡಿದೆ, ಯಾಕೆ ಒಪ್ಪೋದಿಲ್ಲ ಅಂತ ಪಕ್ಕದಲ್ಲಿ ಬರೆದಿದ್ದೇನೆ. ರಸೀದಿಗಳ ಫೋಟೋ ಲಗತ್ತಿಸಿದ್ದೇನೆ. ತಿಥಿಗೆ ಆಧಾರ, ಇವತ್ತಿಗೂ ನಡೆಯುವ ಶ್ರಾದ್ಧ. ಸಂವತ್ಸರದ ಮುಂದೆ ಮಾತ್ರ ಹೀಗೆ ಬರೆಯಬೇಕಾಯಿತು: "ಸೋದರತ್ತೆ ಹೇಳಿದ್ದು. ಹೇಳಿದ ದಿನ ಬರೆದುಕೊಳ್ಳಲಿಲ್ಲ. ಅವರು ಹೋದ ಮೇಲೆ ನನ್ನ ನೆನಪಿನಿಂದ."