ಕಬ್ಬಿಣದ ಇಕ್ಕಳ ಮತ್ತು ಇಬ್ಬರು ಕಮ್ಮಾರರು

ಕುಲುಮೆಯ ಮುಂದೆ ಕೂತ ಕಮ್ಮಾರನನ್ನು ನಾವೆಲ್ಲ ನೋಡಿದ್ದೇವೆ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸುತ್ತಿಗೆ. ಕಾದ ಕಬ್ಬಿಣವನ್ನು ಹಿಡಿಯುವ ಆ ಇಕ್ಕಳವನ್ನೂ ಬಹಳಷ್ಟು ಕಡೆ ಅವನೇ ಮಾಡಿಕೊಂಡಿರುತ್ತಾನೆ. ಇಂದು ಅಮೆರಿಕದ ಸಣ್ಣ ರೈತರು ತಮ್ಮ ಶೆಡ್ಡುಗಳಲ್ಲಿ ಟ್ರ್ಯಾಕ್ಟರಿಗೆ ಅಂಥದ್ದೇ ಒಂದು ಇಕ್ಕಳ ಮಾಡಿಕೊಳ್ಳುತ್ತಾರೆ. ಅದರ ಹೆಸರು ಗ್ರ್ಯಾಪಲ್.

ಟ್ರ್ಯಾಕ್ಟರಿನ ಮುಂದೆ ಎರಡು ತೋಳು, ತೋಳುಗಳ ತುದಿಗೆ ಬಕೆಟ್ಟು ಇದ್ದರೆ ಅದು ಲೋಡರ್. ಮಣ್ಣು, ಗೊಬ್ಬರ ತುಂಬಲು ಬಕೆಟ್ಟು ಸಾಕು. ಬಿರುಗಾಳಿಗೆ ಬಿದ್ದ ಮರದ ದಿಮ್ಮಿ, ಮುಳ್ಳುಕಂಟಿ, ಕೊಂಬೆಗಳ ರಾಶಿ ಎದುರಾದಾಗ ಮಾತ್ರ ಅದು ಸೋಲುತ್ತದೆ. ಅದಕ್ಕೆ ಎತ್ತಲು ಬರುತ್ತದೆ, ಹಿಡಿಯಲು ಬರುವುದಿಲ್ಲ. ಬಕೆಟ್ಟಿನ ಜಾಗದಲ್ಲಿ ಕಬ್ಬಿಣದ ಹಲ್ಲುಗಳನ್ನು ಜೋಡಿಸಿ, ಮೇಲಿನಿಂದ ಮುಚ್ಚಿಕೊಳ್ಳುವ ಇನ್ನೊಂದು ದವಡೆ ಕೂರಿಸಿದರೆ ಗ್ರ್ಯಾಪಲ್ ಆಯಿತು.

ಕಾರ್ಖಾನೆಯ ಯಂತ್ರಕ್ಕೆ ಮನೆಯಲ್ಲಿ ಮಾಡಿದ ಸಾಧನ ಇಷ್ಟು ಸಲೀಸಾಗಿ ಹೊಂದಿಕೊಳ್ಳುವುದು ಹೇಗೆ? ಈ ಪ್ರಶ್ನೆಯ ಉತ್ತರ ನಮ್ಮನ್ನು ಮಿನೆಸೋಟಾ ರಾಜ್ಯದ ರಾಥ್ಸೇ ಎಂಬ ಪುಟ್ಟ ಊರಿಗೆ, ಇಬ್ಬರು ಕಮ್ಮಾರರ ಬಳಿಗೆ ಕರೆದೊಯ್ಯುತ್ತದೆ.

ಲೂಯಿಸ್ ಕೆಲ್ಲರ್ ಮತ್ತು ಸಿರಿಲ್ ಕೆಲ್ಲರ್ ಅಲ್ಲಿ ರಿಪೇರಿ ಅಂಗಡಿ ನಡೆಸುತ್ತಿದ್ದ ಅಣ್ಣತಮ್ಮಂದಿರು. 1956ರಲ್ಲಿ ಎಡ್ಡಿ ವೇಲೋ ಎಂಬ ಟರ್ಕಿ ಕೋಳಿ ಸಾಕಣೆದಾರ ತನ್ನ ಕಷ್ಟ ಹೇಳಿಕೊಂಡು ಇವರಲ್ಲಿಗೆ ಬಂದ. ಅವನ ಕೋಳಿಮನೆಗೆ ಮೇಲಂತಸ್ತಿತ್ತು, ಒಳಗೆಲ್ಲ ಕಂಬಗಳು. ಹಿಕ್ಕೆ ಬಾಚಲು ಟ್ರ್ಯಾಕ್ಟರ್ ಒಳಗೆ ತಿರುಗದು. ಮೇಲಿನ ನೆಲ ಅದರ ಭಾರವನ್ನೂ ತಾಳದು. ಕೂಲಿಯಾಳುಗಳು ಸಲಿಕೆ ಹಿಡಿಯಬೇಕಿತ್ತು. ಕೆಲ್ಲರ್ ಸೋದರರು ಕೈಗೆ ಸಿಕ್ಕ ಬಿಡಿಭಾಗಗಳನ್ನೂ ಬಳಸಿ ಒಂದು ಹಗುರ ಯಂತ್ರ ಕಟ್ಟಿದರು. ಮುಂದೆ ಎರಡು ಚಕ್ರ, ಹಿಂದೆ ಸುತ್ತಲೂ ತಿರುಗುವ ಒಂದು ಪುಟ್ಟ ಚಕ್ರ. ನಿಂತಲ್ಲೇ ಗಿರಕಿ ಹೊಡೆಯುವ ಈ ಲೋಡರನ್ನು 1957ರ ಫೆಬ್ರವರಿ 4ರಂದು ವೇಲೋಗೆ ಒಪ್ಪಿಸಿದರು. ಮೊದಲ ಯಂತ್ರದ ಕೊರತೆಗಳನ್ನು ತಿದ್ದುತ್ತಾ ಹೊಸ ಬಗೆಯ ಕ್ಲಚ್ ವ್ಯವಸ್ಥೆ ರೂಪಿಸಿದರು, ಅದಕ್ಕೆ ಪೇಟೆಂಟನ್ನೂ ಪಡೆದರು.

1958ರಲ್ಲಿ ಈ ಯಂತ್ರ ಮಿನೆಸೋಟಾ ರಾಜ್ಯ ಜಾತ್ರೆಯಲ್ಲಿ ಪ್ರದರ್ಶನಗೊಂಡಿತು. ನಾರ್ತ್ ಡಕೋಟಾದ ಗ್ವಿನ್ನರ್ ಊರಿನ ಮೆಲ್ರೋ ಕಂಪೆನಿ ತಯಾರಿಕೆಯ ಹಕ್ಕು ಪಡೆಯಿತು; ಸೋದರರೂ ಅಲ್ಲಿಗೇ ಕೆಲಸಕ್ಕೆ ಹೋದರು. 1960ರಲ್ಲಿ ನಾಲ್ಕು ಚಕ್ರ ಬಂದವು, 1962ರಲ್ಲಿ ಬಾಬ್‌ಕ್ಯಾಟ್ ಎಂಬ ಹೆಸರು ಬಂತು. ಕಮ್ಮಾರರ ಹೆಸರು ಮಾತ್ರ ಯಂತ್ರದ ಮೈಮೇಲೆ ಬರಲಿಲ್ಲ. ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಗೆ ಅವರು ಸೇರಿದ್ದು 2023ರಲ್ಲಿ. ಆ ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು.

ಗ್ರ್ಯಾಪಲ್ಲಿನ ಮಟ್ಟಿಗೆ ಮುಖ್ಯವಾದ ಘಟನೆ ನಡೆದದ್ದು 1970ರಲ್ಲಿ. ಅದೇ ಕಂಪೆನಿ ಬಾಬ್-ಟ್ಯಾಚ್ ಎಂಬ ಜೋಡಣೆಯ ತಟ್ಟೆಯನ್ನು ತಂದಿತು. ತಟ್ಟೆಯ ಮೇಲಂಚನ್ನು ಸಾಧನದ ಅಂಚಿನಡಿ ಸಿಕ್ಕಿಸಿ, ಎರಡು ಹಿಡಿಗಳನ್ನು ಒತ್ತಿದರೆ ಕೆಳಗೆ ಬೆಣೆಗಳು ಕೂತು ಬಿಗಿಯುತ್ತವೆ. ಬಕೆಟ್ಟು ಕಳಚಿ ಫೋರ್ಕ್ ತೊಡಿಸುವುದು ಕೆಲವೇ ನಿಮಿಷದ ಕೆಲಸವಾಯಿತು. ಕಾಲಕ್ರಮದಲ್ಲಿ ಬೇರೆ ಕಂಪೆನಿಗಳೂ ಇದೇ ಮಾದರಿಗೆ ಒಗ್ಗಿಕೊಂಡವು. 2005ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಾನಕವೂ ಬಂತು. ಸಣ್ಣ ಟ್ರ್ಯಾಕ್ಟರುಗಳ ಲೋಡರುಗಳಿಗೂ ಈ ತಟ್ಟೆ ಬಂದಾಗ ರೈತನ ಶೆಡ್ಡಿನ ಬಾಗಿಲು ತೆರೆದಂತಾಯಿತು. ಆ ತಟ್ಟೆಯ ಅಳತೆ ಗೊತ್ತಿದ್ದರೆ ಅದಕ್ಕೆ ಕೂರುವ ಏನನ್ನು ಬೇಕಾದರೂ ಅವನೇ ಮಾಡಿಕೊಳ್ಳಬಹುದು.

ಹಾಗೆಂದು ಇದು ಮಕ್ಕಳಾಟವಲ್ಲ. ದಪ್ಪ ಉಕ್ಕಿನ ತಗಡಿನಿಂದ ಹಲ್ಲುಗಳನ್ನು ಕತ್ತರಿಸಬೇಕು. ದವಡೆ ತಿರುಗುವ ಪಿನ್ನಿನ ತೂತುಗಳು ಒಂದೇ ನೇರಕ್ಕೆ ಬರಬೇಕು. ಕೂದಲೆಳೆ ಓರೆಯಾದರೂ ದವಡೆ ಕಚ್ಚಿಕೊಂಡು ನಿಲ್ಲುತ್ತದೆ. ಆದ್ದರಿಂದ ಬಲ್ಲವರು ಪಿನ್ನನ್ನು ತೂರಿಸಿಟ್ಟೇ ಮೊದಲು ಚುಕ್ಕೆ ಬೆಸುಗೆ ಹಾಕಿ, ಆಡಿಸಿ ನೋಡಿ, ಆಮೇಲೆ ಪೂರ್ತಿ ಬೆಸೆಯುತ್ತಾರೆ. ದವಡೆ ಮುಚ್ಚಲು ಹೈಡ್ರಾಲಿಕ್ ಸಿಲಿಂಡರ್ ಬೇಕು. ಲೋಡರಿಗೆ ಎತ್ತುವುದು, ಮಗುಚುವುದು ಎರಡೇ ಗೊತ್ತು. ಮೂರನೆಯ ಚಲನೆಗೆ ಎಣ್ಣೆಯನ್ನು ತಿರುಗಿಸುವ ಬೇರೊಂದು ವಾಲ್ವ್ ಕೂರಿಸಬೇಕು. ಎರಡು ಇಂಚು ವ್ಯಾಸದ ಸಿಲಿಂಡರಿಗೆ ಚದರ ಇಂಚಿಗೆ 2,500 ಪೌಂಡ್ ಒತ್ತಡ ಕೊಟ್ಟರೆ ಹುಟ್ಟುವ ಬಲ ಸುಮಾರು 3,500 ಕಿಲೋ ತೂಕದಷ್ಟು. ಬೆಸುಗೆ ಸಡಿಲವಿದ್ದರೆ ಈ ಬಲ ಮೊದಲು ಮುರಿಯುವುದು ಗ್ರ್ಯಾಪಲ್ಲನ್ನೇ. ಹೋಸ್‌ಪೈಪಿನ ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನೂ ತೂರಿ ಒಳಹೋಗಬಲ್ಲದು.

ಇನ್ನೊಂದು ಲೆಕ್ಕವನ್ನು ಮರೆಯುವವರೇ ಹೆಚ್ಚು. ಲೋಡರ್ 500 ಕಿಲೋ ಎತ್ತುವುದಾದರೆ, 150 ಕಿಲೋ ತೂಗುವ ಗ್ರ್ಯಾಪಲ್ ತೊಡಿಸಿದ ಮೇಲೆ ಉಳಿಯುವುದು 350 ಕಿಲೋ ಮಾತ್ರ. ಗಟ್ಟಿಯಾಗಲಿ ಎಂದು ಕಬ್ಬಿಣ ಸುರಿದಷ್ಟೂ ಎತ್ತುವ ಶಕ್ತಿ ಕುಗ್ಗುತ್ತದೆ. ಹಿಂದೆ ಸರಿಯಾದ ಭಾರ ಕಟ್ಟದಿದ್ದರೆ ಟ್ರ್ಯಾಕ್ಟರಿನ ಹಿಂಬದಿಯೇ ಏಳುತ್ತದೆ. ಉರ್ದುವಿನಲ್ಲಿ ಹುನರ್ ಎನ್ನುತ್ತೇವಲ್ಲ, ಅದು ಎಷ್ಟು ಕಬ್ಬಿಣ ಸಾಕು ಎಂಬ ಈ ಅಂದಾಜಿನಲ್ಲಿದೆ.

ಈ ಹುನರಿಗೆ ಈಗ ಬೇರೊಂದು ಅಡ್ಡಿ ಬಂದಿದೆ. ಕಬ್ಬಿಣದ ಜೋಡಣೆ ತೆರೆದೇ ಇದೆ. ಬೀಗ ಬಿದ್ದಿರುವುದು ತಂತಿಗಳ ಜೋಡಣೆಗೆ. ಹೊಸ ಟ್ರ್ಯಾಕ್ಟರುಗಳ ಒಳಗೆ ಕಂಪ್ಯೂಟರ್ ಕೂತಿದೆ. ಕೆಟ್ಟದ್ದೇನೆಂದು ತಿಳಿಯಲು ಕಂಪೆನಿಯ ಸಾಫ್ಟ್‌ವೇರೇ ಬೇಕೆಂದಾದರೆ ಯಂತ್ರ ಯಾರದು, ಕೊಂಡವನದೋ ಮಾರಿದವನದೋ? 2023ರಲ್ಲಿ ಕೊಲರಾಡೋ ರಾಜ್ಯ ಕೃಷಿ ಯಂತ್ರಗಳನ್ನು ರಿಪೇರಿ ಮಾಡಿಕೊಳ್ಳುವ ಹಕ್ಕನ್ನು ರೈತರಿಗೆ ಕೊಡುವ ಕಾಯಿದೆ ಮಾಡಿತು. 2024ರ ಜನವರಿ 1ರಿಂದ ಅದು ಜಾರಿಗೆ ಬಂತು. ರಿಪೇರಿಯನ್ನು ತನ್ನ ಹಿಡಿತದಲ್ಲೇ ಇಟ್ಟುಕೊಂಡಿದೆ ಎಂದು ಆರೋಪಿಸಿ 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಡೀರ್ ಕಂಪೆನಿಯ ಮೇಲೆ ಮೊಕದ್ದಮೆ ಹೂಡಿತು. ಜೊತೆಗೆ ನಿಂತ ರಾಜ್ಯಗಳಲ್ಲಿ ಕೆಲ್ಲರ್ ಸೋದರರ ಮಿನೆಸೋಟಾ ಕೂಡ ಒಂದು.

ಬೀಗ ಹಾಕಿದ ಯಂತ್ರದ ಮುಂದೆ ಎಂಥ ಕಮ್ಮಾರನೂ ಗಿರಾಕಿಯಾಗಿಯೇ ಉಳಿಯುತ್ತಾನೆ. ಎಡ್ಡಿ ವೇಲೋ ರಾಥ್ಸೇಯ ಆ ಅಂಗಡಿಗೆ ಹೋದದ್ದು ಅಲ್ಲಿ ಯಂತ್ರವನ್ನು ಬಿಚ್ಚಿ ನೋಡಬಲ್ಲವರು ಇದ್ದರೆಂದು. ಬಿಚ್ಚಿ ನೋಡುವುದನ್ನೇ ತಡೆದುಬಿಟ್ಟರೆ, ನಾಳೆಯ ವೇಲೋ ಯಾರ ಬಾಗಿಲು ತಟ್ಟಬೇಕು?