ಹೋಗದ ಸಂದೇಶಗಳ ಇತಿಹಾಸ



ನನ್ನ ವಯಸ್ಸಿನವರು ನಾಲ್ಕು ಜನ ಸೇರಿದಲ್ಲೆಲ್ಲ ಈಗ ಕೇಳಿಬರುವ ದೂರೊಂದಿದೆ: “ವಾಟ್ಸಾಪಿನಲ್ಲಿ ಮೆಸೇಜು ಹೋಗುತ್ತಿಲ್ಲ.” ರಕ್ತದೊತ್ತಡ ಮತ್ತು ಮಂಡಿನೋವಿನ ನಂತರದ ಸ್ಥಾನ ಇದಕ್ಕೇ ಸಲ್ಲುತ್ತದೆ. ಜೀವಮಾನವಿಡೀ ಇತಿಹಾಸ ಪಾಠ ಮಾಡಿದವನಿಗೆ ಯಾವ ತೊಂದರೆಯನ್ನು ಕಂಡರೂ ಅದರ ಪೂರ್ವೋತ್ತರವನ್ನು ಕೆದಕುವ ಚಟ. ಸಂದೇಶ ಹೋಗದಿರುವುದು ಹೊಸ ಸಂಗತಿಯೇನೂ ಅಲ್ಲ. ಅದಕ್ಕೂ ಒಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ತಿಳಿದರೆ ಕೈಯಲ್ಲಿರುವ ಫೋನನ್ನು ಸರಿಪಡಿಸುವುದೂ ಸುಲಭವಾಗುತ್ತದೆ ಎಂಬುದು ನನ್ನ ಅನುಭವ.

ನಮ್ಮ ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 17ನೆಯ ಶತಮಾನದ ಕೊನೆಯ ಭಾಗದಲ್ಲಿ, ಅಂಚೆಯ ವ್ಯವಸ್ಥೆ ರೂಪುಗೊಂಡಿತು. ಸಂಸ್ಥಾನದ ಈ ಅಂಚೆ 1889ರವರೆಗೆ ಸ್ವತಂತ್ರವಾಗಿಯೇ ನಡೆದು, ಆ ವರ್ಷ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಯಿತು. ಓಟಗಾರನು ಚೀಲವನ್ನು ಹೊತ್ತು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದ ಆ ಕಾಲದಲ್ಲಿ, ಓಲೆ ತಲುಪಿತೇ ಇಲ್ಲವೇ ಎಂಬುದು ಉತ್ತರ ಬಂದ ಮೇಲೆಯೇ ತಿಳಿಯುತ್ತಿತ್ತು. ಹೊಳೆ ಉಕ್ಕಿ ತಡವಾಯಿತೋ, ದಾರಿಯಲ್ಲಿ ಕಳೆಯಿತೋ, ಓದಿದವರು ಸುಮ್ಮನಾದರೋ ಎಂದು ಕಳುಹಿಸಿದವನು ಊಹಿಸುತ್ತಾ ಕೂರಬೇಕಾಗಿತ್ತು.

ಮುಂದೆ ಬಂದದ್ದು ತಂತಿ. ವಿಲಿಯಂ ಓಶಾಘ್ನೆಸಿ ಎಂಬ ವೈದ್ಯರು 1839ರಲ್ಲಿ ಕಲ್ಕತ್ತೆಯಲ್ಲಿ ಇದರ ಪ್ರಯೋಗವನ್ನು ಮಾಡಿದರು. 1851ರ ವೇಳೆಗೆ ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ತಂತಿ ಹಾಯ್ದಿತ್ತು. 1855ರಲ್ಲಿ ಸಾರ್ವಜನಿಕರಿಗೂ ಅದು ದೊರೆಯಿತು. 1857ರ ಮೇ 11ರಂದು ದೆಹಲಿಯ ತಂತಿ ಕಚೇರಿಯಿಂದ ದಂಗೆಯ ಸುದ್ದಿ ಅಂಬಾಲೆಗೆ ಹೋದದ್ದನ್ನು ನೀವು ಪಠ್ಯದಲ್ಲಿ ಓದಿರಬಹುದು. ಆ ಹೋರಾಟದುದ್ದಕ್ಕೂ ತಂತಿಗಳನ್ನು ಕಡಿಯಲಾಯಿತು, ಕಂಬಗಳನ್ನು ಕೀಳಲಾಯಿತು. ಸಂದೇಶವನ್ನು ತಡೆಯಬೇಕಾದರೆ ಅದು ಹಾಯುವ ದಾರಿಯನ್ನು ಮುರಿದರೆ ಸಾಕು ಎಂಬುದನ್ನು ಜನ ಅಷ್ಟು ಬೇಗ ಅರಿತಿದ್ದರು.

ನಮ್ಮ ಮನೆಗಳಲ್ಲಿ “ತಂತಿ ಬಂತು” ಎಂದರೆ ಹೆಂಗಸರು ಓದುವ ಮೊದಲೇ ಅಳಲು ತೊಡಗುತ್ತಿದ್ದುದನ್ನು ಹಿರಿಯರು ಬಲ್ಲರು. ಪದಕ್ಕಿಷ್ಟು ಎಂದು ಹಣ ತೆರಬೇಕಾದ್ದರಿಂದ ಸಾವು, ಹೆರಿಗೆ, ನೌಕರಿಯ ಆದೇಶ ಇವುಗಳಿಗೆ ಮಾತ್ರ ಅದು ಮೀಸಲಾಗಿತ್ತು. ಈ ಸೇವೆ 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ನಿಂತುಹೋಯಿತು.

ಅಷ್ಟು ಹೊತ್ತಿಗೆ ಎಸ್ಸೆಮ್ಮೆಸ್ಸಿನ ಯುಗ ಬಂದು ಇಪ್ಪತ್ತು ವರ್ಷಗಳು ಕಳೆದಿದ್ದವು. ಮೊತ್ತಮೊದಲ ಎಸ್ಸೆಮ್ಮೆಸ್ಸನ್ನು ಇಂಗ್ಲೆಂಡಿನ ನೀಲ್ ಪ್ಯಾಪ್‌ವರ್ತ್ ಎಂಬ ತರುಣ 1992ರ ಡಿಸೆಂಬರ್ 3ರಂದು ಕಳುಹಿಸಿದನು. ಅದರಲ್ಲಿದ್ದುದು ಕ್ರಿಸ್ಮಸ್ ಶುಭಾಶಯ. ಈ ವ್ಯವಸ್ಥೆಯಲ್ಲಿ ಸಂದೇಶವು ನೇರವಾಗಿ ಎದುರಿನವರ ಫೋನಿಗೆ ಹೋಗುವುದಿಲ್ಲ. ಕಂಪನಿಯ ಸಂದೇಶ ಕೇಂದ್ರದಲ್ಲಿ ತಂಗಿದ್ದು, ಎದುರಿನ ಫೋನು ಚಾಲೂ ಆದಾಗ ಅಲ್ಲಿಂದ ಹೊರಡುತ್ತದೆ. ಹಳೆಯ ಅಂಚೆಯ ಕಟ್ಟೆಯೇ ಬೇರೆ ರೂಪದಲ್ಲಿ ಬಂದಂತೆ. ಆ ಕೇಂದ್ರದ ಸಂಖ್ಯೆ ಫೋನಿನಲ್ಲಿ ತಪ್ಪಾಗಿ ದಾಖಲಾಗಿದ್ದರೆ ಕರೆ ಸರಾಗವಾಗಿ ಹೋಗುತ್ತದೆ, ಸಂದೇಶ ಮಾತ್ರ ಕದಲುವುದಿಲ್ಲ.

ಒಂದು ಎಸ್ಸೆಮ್ಮೆಸ್ಸಿನ ಗಾತ್ರ 140 ಬೈಟ್. ಇಂಗ್ಲಿಷಿನಲ್ಲಾದರೆ ಅದರಲ್ಲಿ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡ ಲಿಪಿಗೆ ದೊರೆಯುವುದು 70 ಸ್ಥಾನಗಳು ಮಾತ್ರ. ಒತ್ತಕ್ಷರ, ಗುಣಿತ ಚಿಹ್ನೆಗಳಿಗೂ ಬೇರೆ ಬೇರೆ ಸ್ಥಾನ ಬೇಕಾದ್ದರಿಂದ “ಲಕ್ಷ್ಮಿ” ಎಂಬ ಒಂದು ಹೆಸರಿಗೇ ಏಳು ಸ್ಥಾನಗಳು ಖರ್ಚಾಗುತ್ತವೆ. ಹತ್ತು ಲಕ್ಷ್ಮಿಯರಿಗೆ ಸಂದೇಶ ಭರ್ತಿ! ಅನೇಕ ಫೋನುಗಳಲ್ಲಿ ಕನ್ನಡದ ಬದಲು ಬರಿಯ ಚೌಕಗಳು ಕಾಣುತ್ತಿದ್ದವು. ನೀವೆಲ್ಲ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಕಲಿತದ್ದಕ್ಕೆ ಸೋಮಾರಿತನವೊಂದೇ ಕಾರಣವಲ್ಲವೆಂದು ಈ ಮೇಷ್ಟ್ರು ಒಪ್ಪುತ್ತಾನೆ.

ಸಂದೇಶವನ್ನು ಸರ್ಕಾರವೇ ತಡೆದ ಪ್ರಸಂಗವೂ ಉಂಟು, ಅದಕ್ಕೆ ಕಾರಣವಾದ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು. 2012ರ ಆಗಸ್ಟಿನಲ್ಲಿ ಸುಳ್ಳು ವದಂತಿಗಳು ಹರಡಿ, ಈಶಾನ್ಯ ರಾಜ್ಯಗಳ ಸಾವಿರಾರು ಜನರು ಜೀವಭಯದಿಂದ ಬೆಂಗಳೂರನ್ನು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಆಗಸ್ಟ್ 17ರಂದು ಕೇಂದ್ರ ಸರ್ಕಾರವು ಸಗಟು ಎಸ್ಸೆಮ್ಮೆಸ್ಸುಗಳನ್ನು ದೇಶಾದ್ಯಂತ ನಿರ್ಬಂಧಿಸಿತು. ದಿನಕ್ಕೆ ಐದರ ಮಿತಿ ಬಂತು, ಕೆಲವು ದಿನಗಳ ನಂತರ ಅದನ್ನು ಇಪ್ಪತ್ತಕ್ಕೆ ಏರಿಸಲಾಯಿತು. ಆರನೆಯ ಸಂದೇಶ ಹೋಗದಿದ್ದುದಕ್ಕೆ ಯಂತ್ರದ ದೋಷವೇ ಇರಲಿಲ್ಲ.

ಇನ್ನು ವಾಟ್ಸಾಪಿನ ವಿಚಾರ. ಜಾನ್ ಕೂಮ್ ಮತ್ತು ಬ್ರಯಾನ್ ಆಕ್ಟನ್ 2009ರಲ್ಲಿ ಇದನ್ನು ಆರಂಭಿಸಿದರು; 2014ರಲ್ಲಿ ಫೇಸ್‌ಬುಕ್ ಕೊಂಡುಕೊಂಡಿತು. ಇದು ತಂದ ದೊಡ್ಡ ಬದಲಾವಣೆ ನನ್ನ ದೃಷ್ಟಿಯಲ್ಲಿ ಆ ಪುಟ್ಟ ರೈಟ್ ಮಾರ್ಕುಗಳು. ಓಲೆ ಎಲ್ಲಿ ನಿಂತಿದೆ ಎಂಬುದನ್ನು ಕಳುಹಿಸಿದವನು ಕುಳಿತಲ್ಲಿಯೇ ನೋಡಬಹುದು. ಗಡಿಯಾರದ ಗುರುತಿದ್ದರೆ ಸಂದೇಶ ನಿಮ್ಮ ಫೋನನ್ನೇ ಬಿಟ್ಟಿಲ್ಲ. ಒಂದು ಮಾರ್ಕು ಬಿದ್ದರೆ ಕಂಪನಿಯ ಕಟ್ಟೆಯನ್ನು ತಲುಪಿದೆ. ಎರಡು ಬಿದ್ದರೆ ಎದುರಿನ ಫೋನಿಗೆ ಸೇರಿದೆ. 2014ರ ನವೆಂಬರಿನಲ್ಲಿ ಓದಿದ್ದನ್ನು ಸೂಚಿಸುವ ನೀಲಿ ಬಣ್ಣವೂ ಬಂದು, ಎಷ್ಟೋ ಬೀಗರ ನಡುವೆ ಮನಸ್ತಾಪವನ್ನೂ ತಂದಿತು.

ಆದ್ದರಿಂದ ದುರಸ್ತಿಗೆ ಕೈ ಹಾಕುವ ಮುನ್ನ ಗುರುತನ್ನು ನೋಡಿರಿ. ಒಂದೇ ಮಾರ್ಕಿದ್ದರೆ ನಿಮ್ಮ ಫೋನನ್ನು ಕೆಣಕಬೇಡಿ. ಎದುರಿನವರ ಫೋನು ಆರಿರಬಹುದು, ಅಲ್ಲಿ ಇಂಟರ್ನೆಟ್ ಇಲ್ಲದಿರಬಹುದು, ಅವರು ನಿಮ್ಮನ್ನು ಬ್ಲಾಕ್ ಮಾಡಿರಲೂಬಹುದು. ಗಡಿಯಾರ ಕಂಡರೆ ಮಾತ್ರ ನಿಮ್ಮ ಕಡೆಯನ್ನು ಪರೀಕ್ಷಿಸಬೇಕು. ಮೊದಲು ಬೇರೆ ಯಾವುದಾದರೂ ಜಾಲತಾಣ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ದೋಷ ಇಂಟರ್ನೆಟ್ಟಿನದು: ಏರೋಪ್ಲೇನ್ ಮೋಡ್ ಒತ್ತಿಹೋಗಿದೆಯೇ, ಡೇಟಾ ಮುಗಿದಿದೆಯೇ ಗಮನಿಸಿ. ತೆರೆದರೆ ದಿನಾಂಕ ಮತ್ತು ಸಮಯ ಸರಿಯಾಗಿವೆಯೇ, ಫೋನಿನಲ್ಲಿ ಸ್ಥಳ ಉಳಿದಿದೆಯೇ, ವಾಟ್ಸಾಪಿಗೆ ಡೇಟಾ ಬಳಸುವ ಅನುಮತಿ ಇದೆಯೇ, ಆ್ಯಪಿನ ಹೊಸ ಆವೃತ್ತಿ ಬಂದಿದೆಯೇ ಎಂದು ಕ್ರಮವಾಗಿ ನೋಡಿ. ಒಮ್ಮೆ ಫೋನನ್ನು ಆರಿಸಿ ಹಾಕಿರಿ. ಬಹುಪಾಲು ತೊಂದರೆಗಳು ಇಷ್ಟರಲ್ಲಿ ಮುಗಿಯುತ್ತವೆ.

ಕೆಲವೊಮ್ಮೆ ಕಟ್ಟೆಯೇ ಕುಸಿಯುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆಗಳ ಕಾಲ ಜಗತ್ತಿನಾದ್ಯಂತ ಸ್ತಬ್ಧವಾದವು. ನಿತ್ಯದ ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಅವರ ದತ್ತಾಂಶ ಕೇಂದ್ರಗಳ ನಡುವಣ ಸಂಪರ್ಕವನ್ನೇ ಕಡಿದುಹಾಕಿತ್ತು. ದುರಸ್ತಿಗೆ ಬೇಕಾದ ಅವರ ಒಳಗಿನ ಸಲಕರಣೆಗಳೂ ಅದೇ ಜಾಲವನ್ನು ನೆಚ್ಚಿದ್ದರಿಂದ ಕೆಲಸ ಇನ್ನಷ್ಟು ತಡವಾಯಿತು. 2022ರ ಅಕ್ಟೋಬರ್ 25ರಂದು, ದೀಪಾವಳಿಯ ಮರುದಿನ, ವಾಟ್ಸಾಪ್ ಮತ್ತೆ ಸುಮಾರು ಎರಡು ಗಂಟೆ ನಿಂತಿತು. ಅಂದು ಸಂಜೆ ಪಾರ್ಶ್ವ ಸೂರ್ಯಗ್ರಹಣವೂ ಇದ್ದುದರಿಂದ ನಮ್ಮ ಬೀದಿಯಲ್ಲಿ ಎರಡಕ್ಕೂ ನಂಟು ಕಲ್ಪಿಸಿದವರು ಇದ್ದರು. ಅಂಥ ದಿನ ಮಾಡಬೇಕಾದದ್ದು ಕಾಯುವುದು, ಅಷ್ಟೇ.

ಇಷ್ಟನ್ನು ಬರೆಯಲು ಕಾರಣವಾದ ಸಂಗತಿಯನ್ನು ಹೇಳಿಬಿಡುತ್ತೇನೆ. ಗಣಿತ ಕಲಿಸುತ್ತಿದ್ದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಫೋನಿನಲ್ಲಿ ಸಂದೇಶಗಳು ಹೋಗದೆ, ಗಡಿಯಾರದ ಗುರುತು ದಿನಗಟ್ಟಲೆ ಹಾಗೆಯೇ ಉಳಿಯಿತು. ಫೋನಿನಲ್ಲಿ ಸ್ಥಳವಿಲ್ಲವೆಂಬ ಸೂಚನೆ ಅದೆಷ್ಟೋ ದಿನಗಳಿಂದ ಬರುತ್ತಲೇ ಇತ್ತು. ಶುಭೋದಯದ ಚಿತ್ರಗಳೂ ವಿಡಿಯೋಗಳೂ ತುಂಬಿಹೋಗಿದ್ದವು. ನೂರು ವಿಡಿಯೋ ಅಳಿಸಿದ್ದರೆ ಸಾಕಿತ್ತು. ಅವರು ಅಂಗಡಿಯೊಂದಕ್ಕೆ ಒಯ್ದರು. ಅಲ್ಲಿದ್ದ ಹುಡುಗ ಏನೂ ವಿಚಾರಿಸದೆ ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿಕೊಟ್ಟನು. ಬ್ಯಾಕಪ್ ಇರಲಿಲ್ಲ. ತೀರಿಕೊಂಡ ಅವರ ಪತ್ನಿ ಆಸ್ಪತ್ರೆಯಿಂದ ಕಳುಹಿಸಿದ್ದ ಧ್ವನಿ ಸಂದೇಶಗಳೆಲ್ಲ ಅದರಲ್ಲಿದ್ದವು. ಸಂಜೆ ಸಿಕ್ಕಾಗ, “ಮೇಷ್ಟ್ರೇ, ಈಗ ಮೆಸೇಜು ಹೋಗುತ್ತದೆ. ಅವಳ ದನಿ ಮಾತ್ರ ಇಲ್ಲ” ಎಂದರು. ನನಗೆ ಮಾತು ಹೊರಡಲಿಲ್ಲ.

ನನ್ನ ತಂದೆಯವರಿಗೆ ಬಂದ ಕಾಗದಗಳು ಇಂದಿಗೂ ಅಟ್ಟದ ಟ್ರಂಕಿನಲ್ಲಿವೆ. ಅವು ಹೋಗಿ ಸೇರುವುದು ಕಷ್ಟವಿತ್ತು, ಸೇರಿದ ಮೇಲೆ ಉಳಿದವು. ಈಗಿನ ಸಂದೇಶ ಕ್ಷಣದಲ್ಲಿ ಸೇರುತ್ತದೆ. ಉಳಿಯಬೇಕಾದರೆ ಯಾರಾದರೂ ಉಳಿಸಬೇಕು. ಇತಿಹಾಸಕಾರನಿಗೆ ಆಕರವೇ ಪ್ರಾಣವೆಂದು ತರಗತಿಯಲ್ಲಿ ಹೇಳುತ್ತಿದ್ದೆನಲ್ಲ, ಕುಟುಂಬಕ್ಕೂ ಅದೇ ನಿಯಮ.

ಆದಕಾರಣ ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಸಲ ಊರಿಗೆ ಬಂದಾಗ ತಂದೆತಾಯಿಯರ ಫೋನನ್ನು ಅರ್ಧ ಗಂಟೆ ಕೈಗೆ ತೆಗೆದುಕೊಳ್ಳಿರಿ. ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ ಚಾಟ್ ಬ್ಯಾಕಪ್ ಎಂಬುದಿದೆ, ಅದನ್ನು ಚಾಲೂ ಮಾಡಿ. ಬೇಡದ ವಿಡಿಯೋಗಳನ್ನು ಅವರನ್ನು ಕೇಳಿಯೇ ಅಳಿಸಿ. ಅಂಗಡಿಗೆ ಕೊಡುವ ಮುನ್ನ ನಿಮಗೊಂದು ಕರೆ ಮಾಡಬೇಕೆಂದು ಹೇಳಿ ಬನ್ನಿ. ದೂರದೇಶದಲ್ಲಿರುವವರು ಊರಿನಲ್ಲಿರುವ ತಮ್ಮನಿಗೋ ಸೊಸೆಗೋ ಈ ಕೆಲಸವನ್ನು ಒಪ್ಪಿಸಿರಿ. ಮಾಡಿದ ಮೇಲೆ ನನಗೂ ಒಂದು ಸಾಲು ಬರೆಯಿರಿ.